ಹಗುರದ ಮಿಷನ್

ನೀನು ಓದಲ್ಲ ಅಂತ ಗೊತ್ತಿದ್ದೇ ಬರೀತಿದ್ದೀನಿ. ಜೊತೆಗಿದ್ದಾಗಲೂ ನನ್ನ ಮಾತನ್ನ ನೀನೆಲ್ಲಿ ಕಿವಿಗೆ ಹಾಕಿಕೊಂಡೆ?

ನೀನು ಬಿಟ್ಟುಹೋದ ಮರ ಕೊಯ್ಯೋ ಪೆಟ್ರೋಲ್ ಮಿಷನ್ ಕೆಟ್ಟು ಮೂಲೆ ಸೇರಿದೆ. ಕಾಡಿನ ಕಾಲುದಾರಿಗೆ ಅಡ್ಡಲಾಗಿ ಮರ ಬಿದ್ದಿದೆ, ಹಿತ್ತಲಲ್ಲೂ ಒಣಮರಗಳಿವೆ. ಹೊಸದು ತರೋಣ ಅಂತ ಇವತ್ತು ನಮ್ಮ ಹಳೇ ಅಂಗಡಿಗೆ ಹೋದೆ. ನಾವು ಬೇರೆಯಾದದ್ದು ಅಂಗಡಿಯವರಿಗೆ ಗೊತ್ತಿಲ್ಲ.

"ಇದೇನಮ್ಮ, ನಿಮ್ಮ ಯಜಮಾನ್ರು ಮೊನ್ನೆ ತಾನೇ ಬ್ಯಾಟರಿದು ತಗೊಂಡ್ರಲ್ಲ! 'ದಾರಿಯುದ್ದಕ್ಕೂ ಹೊರೋಳು ಅವಳು, ಭುಜ ನೋಯಬಾರದು' ಅಂತ ಒಂದೊಂದನ್ನೂ ಎತ್ತಿ ನೋಡಿದ್ರು. ಪುಣ್ಯ ಮಾಡಿದ್ರಿ ನೀವು."

ಆ 'ಅವಳು' ನಾನೇ ಅಂದುಕೊಂಡಿದ್ದರು. ನಾನೂ ಹೂಂ ಅಂದುಬಿಟ್ಟೆ.

ಅಂಥದ್ದೇ ಒಂದನ್ನ ತೆಗೆಸಿ ಹಿಡಿದು ನೋಡಿದೆ. ಹಾಳಾದ್ದು, ಎಷ್ಟು ಹಗುರ! ಆ ಪೆಟ್ರೋಲ್ ಮಿಷನ್ ಹೊತ್ತು ನಿನ್ನ ಹಿಂದೆ ಏದುಸಿರು ಬಿಡ್ತಾ ನಡೀತಿದ್ದವಳು ನಾನು. "ನಿನಗೆ ಅಭ್ಯಾಸ ಆಗಿದೆಯಲ್ಲ" ಅಂತಿದ್ದೆ ನೀನು. ಭುಜ ಅನ್ನೋದು ಅವಳೊಬ್ಬಳಿಗೇನಾ ಇರೋದು?

ನನಗೆ ಬೇಕಾಗಿದ್ದದ್ದೂ ಆ ಹಗುರದ್ದೇ. ಆದರೆ ಹೂಂ ಅಂದ ಮೇಲೆ ಕೇಳೋದು ಹೇಗೆ?

"ಅದಿದೆಯಲ್ಲ, ಇನ್ನೊಂದ್ಯಾಕಮ್ಮ?" ಅಂದ್ರು.

"ಅದು ಕಾಡಿನ ದಾರಿಗೆ. ಹಿತ್ತಲಿಗೊಂದು ದೊಡ್ಡದು ಕೊಡಿ" ಅಂದೆ.

ಮತ್ತೆ ಅದೇ ಪೆಟ್ರೋಲ್ ಮಿಷನ್. ಅದನ್ನ ಹೆಗಲಿಗೇರಿಸಿ ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿದ್ರು: "ಇಷ್ಟು ಭಾರ ನಿಮ್ಮ ಕೈಲಿ ಹೊರಿಸಿದ್ರೆ ಯಜಮಾನ್ರು ನನ್ನ ಬೈತಾರಮ್ಮ!"

"ಬೈದ್ರೆ ನನಗೂ ಹೇಳಿ" ಅಂದೆ.