ಕರೆಯದೆ ಬಂದ ಮಗು

ಮಸಿನಗುಡಿ
೧೮ ಮೇ ೨೦೨೫

ಪ್ರೀತಿಯ ಸಿಂಧು,

ಹೇಗಿದ್ದೀಯೆ? ಯುಗಾದಿಗೆ ನೀನು ಕಳಿಸಿದ ಕವಿತೆಯ ಪುಸ್ತಕ ತಲುಪಿತೆಂದು ಒಂದು ಸಾಲೂ ಬರೆಯಲಿಲ್ಲ, ಬೈದುಕೊಂಡಿರುತ್ತೀಯ. ಬರೆಯಲು ಕೂರುತ್ತೇನೆ, ಎದ್ದು ಹೋಗಿ ಕೊಳದ ಬಳಿ ನಿಲ್ಲುತ್ತೇನೆ. ಈಗಲೂ ಹೋಗಿ ಬಂದೇ ಬರೆಯುತ್ತಿದ್ದೇನೆ.

ನೀನು ಬಂದಿದ್ದಾಗ ನಮ್ಮಲ್ಲಿ ಈಜುಕೊಳ ಇರಲಿಲ್ಲ. ಹೋಂಸ್ಟೇಗೆ ಜನ ಬರಬೇಕಾದರೆ ಅದು ಬೇಕೇ ಬೇಕೆಂದು ನಮ್ಮವರು, ಗಿರಿಧರನ್, ಆಮೇಲೆ ಕಟ್ಟಿಸಿದರು. ಸುತ್ತ ಕಬ್ಬಿಣದ ಕಂಬಿಯ ಬೇಲಿಯೂ ಇತ್ತು. ಹೋದ ಬೇಸಿಗೆಯಲ್ಲಿ ನೀರು ಕುಡಿಯಲು ಬಂದ ಆನೆ ಅದನ್ನು ಮುರಿದು ಹಾಕಿತು. ಮತ್ತೆ ಹಾಕಿಸೋಣ ಎಂದೆ. "ಇರಲಿ ಬಿಡು. ಈಗ ನೀರು, ಕಾಡು, ಬೆಟ್ಟ ಒಂದೇ ಫೋಟೋದಲ್ಲಿ ಬರ್ತದೆ, ಗೆಸ್ಟುಗಳಿಗೆ ಅದೇ ಇಷ್ಟ" ಎಂದರು ಗಿರಿಧರನ್. ಆನೆ ಬಾರದಿರಲೆಂದು ಜಾಗದ ಸುತ್ತ ಸೋಲಾರ್ ತಂತಿ ಎಳೆಸಿದೆವು. ಕೊಳದ ಸುತ್ತ ಏನೂ ಹಾಕಲಿಲ್ಲ.

ರೂಮು ಗುಡಿಸಲು ಬರುವ ಚಿಕ್ಕಿ ಎಂಬುವಳಿಗೆ ಒಬ್ಬಳು ಪುಟ್ಟ ಮಗಳು, ಚಿನ್ನಿ. ಇನ್ನೂ ಶಾಲೆಗೆ ಹಾಕಿಲ್ಲ. ನಾನು ಓದುತ್ತ ಕೂತರೆ ಪಕ್ಕಕ್ಕೆ ಬಂದು, "ಇದ್ರಲ್ಲಿ ಆನೆ ಐತಾ?" ಎಂದು ಪುಟಪುಟಕ್ಕೂ ಕೇಳುವಳು. ಇಲ್ಲವೆಂದರೆ, "ಅಂಗಾರೆ ಯಾಕೆ ಓದ್ತೀಯಕ್ಕಾ?" ನನ್ನ ಎಂ.ಎ. ಪದವಿಗೆ ಅದಕ್ಕಿಂತ ಕಠಿಣವಾದ ಪ್ರಶ್ನೆ ಯಾರೂ ಹಾಕಿರಲಿಲ್ಲ.

ಅವಳ ಜೀವ ಉಳಿಯಿತು, ಮೊದಲೇ ಹೇಳಿಬಿಡುತ್ತೇನೆ. ಏಪ್ರಿಲ್ ಕೊನೆಯ ವಾರ ಒಂದು ಬೆಳಿಗ್ಗೆ ವರಾಂಡದಿಂದ ಕೂಗಿದೆ: "ಚಿನ್ನೀ, ಬಾರೇ, ದೋಸೆ ಆರಿ ಹೋಗ್ತದೆ!" ಅವಳು ಕೊಳದ ಆಚೆ ಬದಿಯಲ್ಲಿದ್ದಳು. ನಾನು ತಟ್ಟೆ ತರಲು ಒಳಗೆ ಹೋದೆ. ಹೊರಗೆ ಬಂದರೆ ನೀರಿನ ಮೇಲೆ ಅವಳ ಒಂದು ಚಪ್ಪಲಿ ತೇಲುತ್ತಿತ್ತು. ಜೀಪು ಓಡಿಸುವ ರಮೇಶ ಹಾರಿ ಎತ್ತಿದ. ಆಸ್ಪತ್ರೆಯ ದಾರಿಯುದ್ದಕ್ಕೂ ಜೀಪಿನಲ್ಲಿ ಅವಳ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟವರು ಗಿರಿಧರನ್. ಇದನ್ನು ಮರೆತು ಅವರ ಮೇಲೆ ಸಿಟ್ಟಾಗಲು ನನಗೆ ಆಗುವುದಿಲ್ಲ. ಈಗ ಅವಳು ಎಡಗಾಲು ಎಳೆಯುತ್ತಾಳೆ. ಮಾತು ಹುಡುಕಿ ಹುಡುಕಿ ಬರುತ್ತದೆ. ಇನ್ನೂ ಬಹಳ ಕಾಲ ಚಿಕಿತ್ಸೆಗೆ ಕೊಯಮತ್ತೂರಿಗೆ ಕರೆದುಕೊಂಡು ಹೋಗುತ್ತಿರಬೇಕಂತೆ.

ಮೊನ್ನೆ ವಕೀಲ ಸುರೇಂದ್ರನ್ ಬಂದಿದ್ದರು. "ಮೇಡಂ, ಜಾಗ ನಿಮ್ಮ ಹೆಸರಲ್ಲಿದೆ. ಮಗು ಯಾರೂ ಕರೆಯದೆ ತಾನಾಗೇ ಒಳಗೆ ಬಂತು ಅಂತ ಒಂದು ಹೇಳಿಕೆಗೆ ಸೈನ್ ಮಾಡಿ, ಪೋದುಂ, ಅಷ್ಟು ಸಾಕು. ನೀವೇ ಕರೆದ್ರಿ ಅಂದ್ರೆ, ಬೇಲಿ ಎಲ್ಲಿ ಅಂತ ಕೇಳ್ತಾರೆ. ಕೇಸು, ಪರಿಹಾರ ಎಲ್ಲಾ ನಿಮ್ಮ ತಲೆ ಮೇಲೆ."

"ಬೇಲಿ ಎಲ್ಲಿ ಅಂತ ನಾನೂ ಕೇಳಿದ್ದೆ" ಎಂದೆ.

ವಕೀಲರು ನಕ್ಕು ಇವರ ಕಡೆ ತಿರುಗಿದರು. "ಕವಿತೆ ಓದೋರಿಗೆ ಕೋರ್ಟು ಅರ್ಥ ಆಗಲ್ಲ ಸಾರ್."

ಇವರು ನಗಲಿಲ್ಲ. "ಹೋಂಸ್ಟೇ ಮುಚ್ಚಿಸಿದ್ರೆ ಚಿಕ್ಕಿಗೂ ಕೆಲಸ ಇರಲ್ಲ. ಅದನ್ನೂ ಯೋಚನೆ ಮಾಡು" ಎಂದು ಎದ್ದು ಹೋದರು. ಅಂದಿನಿಂದ ಅದನ್ನೂ ಯೋಚಿಸುತ್ತಿದ್ದೇನೆ. ಕೊಳ ಖಾಲಿ ಮಾಡಿಸಿದ್ದೇವೆ, ತಳದಲ್ಲಿ ಒಣಗಿದ ಎಲೆ. ಆದರೂ ಮನೆಯ ಯಾವ ಮೂಲೆಯಲ್ಲಿ ನಲ್ಲಿ ತಿರುಗಿಸಿದರೂ ಹೊರಗೆ ಓಡುತ್ತೇನೆ. ನೀನು ಕಳಿಸಿದ ಪುಸ್ತಕ ಮೊದಲ ಪುಟದಲ್ಲೇ ನಿಂತಿದೆ.

ನಾಳೆ ಠಾಣೆಗೆ ಹೋಗುತ್ತೇನೆ. ಮಗುವನ್ನು ನಾನೇ ಕರೆದೆ, ಬೇಲಿ ಬಿದ್ದದ್ದು ಗೊತ್ತಿದ್ದೂ ಹಾಕಿಸಲಿಲ್ಲ ಎಂದು ಬರೆದುಕೊಡುತ್ತೇನೆ. ಚಿನ್ನಿ ಸರಿಯಾಗಿ ನಡೆಯುವವರೆಗೆ ಅವಳ ಚಿಕಿತ್ಸೆ ನಮ್ಮದು. ಇವರಿಗೆ ಇನ್ನೂ ಹೇಳಿಲ್ಲ. ಹೇಳಿಯೇ ಹೊರಡುತ್ತೇನೆ.

ನಿನ್ನ ಮಗಳಿಗೆ ನನ್ನ ಆಶೀರ್ವಾದ, ನೂರು ಕಾಲ ಬಾಳಲಿ. ಈಜು ಕಲಿಯಲು ಸೇರಿಸಿದ್ದೇನೆ ಎಂದಿದ್ದೆಯಲ್ಲ, ಕಲಿಸುವವರು ನೀರಿನ ಕಡೆ ನೋಡುತ್ತಾರೋ ಫೋನಿನ ಕಡೆಯೋ, ಒಮ್ಮೆ ಹೇಳದೆ ಹೋಗಿ ನೋಡು.

ನಿನ್ನ
ನಂದಿನಿ

ಮರೆತಿದ್ದು: ಮರೆತಿರಲಿಲ್ಲ, ಬರೆಯಲು ಆಗಿರಲಿಲ್ಲ. ವಕೀಲರು ಮಾತಾಡುವಾಗ ಚಿಕ್ಕಿ ಪಕ್ಕದ ಕೋಣೆಯಲ್ಲಿ ನೆಲ ಒರೆಸುತ್ತಿದ್ದಳು. ನಿನ್ನೆ ಚಿನ್ನಿಯನ್ನೂ ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಗೇಟು ತೆರೆದೇ ಇತ್ತು. ಮಗು ಕೆಳಗಿಳಿದು ಗೇಟಿನ ಆಚೆಗೇ ನಿಂತು, ಒಂದೊಂದೇ ಅಕ್ಷರ ಹುಡುಕಿ, "ಅಕ್ಕಾ, ಒಳೀಕೆ ಬರ್ಲಾ?" ಎಂದಿತು.

"ಇದೇನೇ, ಹೊಸದಾಗಿ ಕೇಳ್ತೀಯ?"

ಚಿಕ್ಕಿ ನನ್ನ ಮುಖ ನೋಡಲಿಲ್ಲ. "ನಾನೇ ಹೇಳ್ಕೊಟ್ಟೆ ಅಕ್ಕಾ. ಕೇಳ್ದೆ ಬಂದ್ರೆ ನಿಮ್ಗೆ ತೊಂದ್ರೆ ಅಲ್ವಾ."

ನಾನು ಕರೆದೆ, ಸಿಂಧು. ಮತ್ತೆ ಕರೆದೆ. ಅದು ತಾಯಿಯ ಮುಖ ನೋಡುತ್ತ ಅಲ್ಲೇ ನಿಂತಿತ್ತು.