ಮುಂದಿನ ವಾರದ ಕಂತು

ನನ್ನ ಹಾಗೇ ಪ್ರೇಮಕಥೆ ಬರೆದು ಹೊಟ್ಟೆ ಹೊರೆಯುವ ತಂಗಿಗೆ,

ನಿನ್ನ ಬಾಣಂತನದಲ್ಲಿ ನಿನ್ನ ಧಾರಾವಾಹಿಯ ಕಂತುಗಳನ್ನು ನಾನೇ ಬರೆದುಕೊಟ್ಟಿದ್ದೆ. ನಿನ್ನ ಗಂಡುಗಲಿ ನಾಯಕನನ್ನು ಅಳುಮುಂಜಿ ಮಾಡಿದೆನೆಂದು ಇವತ್ತಿಗೂ ಬೈಯುತ್ತೀಯ. ಈಗ ನನ್ನ ಮುಂದಿನ ವಾರದ ಕಂತನ್ನು ನೀನು ಬರೆದುಕೊಡು. ಸಂಪಾದಕರಿಗೆ ತಿಳಿಯುವುದು ಬೇಡ.

ಹೋದ ವಾರ ನನ್ನ ನಾಯಕಿಯ ಎದೆಯಲ್ಲಿ ಗಂಟು ಕಾಣಿಸಿದಾಗ, ‘ಇದ್ದಕ್ಕಿದ್ದಂತೆ ಇದೇನಕ್ಕಾ?’ ಅಂತ ನೀನು ಕೇಳಿದೆ. ಅದು ಮೊದಲು ಸಿಕ್ಕಿದ್ದು ನನಗೆ, ಸ್ನಾನ ಮಾಡುವಾಗ. ಯಾರಿಗೂ ಹೇಳುವ ಧೈರ್ಯವಾಗದೆ ಅವಳಿಗೆ ದಾಟಿಸಿಬಿಟ್ಟೆ. ಅವಳೀಗ ಡಾಕ್ಟರ ಕೋಣೆಯ ಹೊರಗೆ ಕೂತಿದ್ದಾಳೆ. ಒಳಗೆ ಕಳಿಸುವ ಸಾಲನ್ನು ಬರೆದು ಬರೆದು ಹೊಡೆದುಹಾಕುತ್ತಿದ್ದೇನೆ.

ನಾಯಕ ಎಷ್ಟು ಬೇಕಾದರೂ ಅಳಲಿ. ಅವಳನ್ನು ಮಾತ್ರ ಮನೆಗೆ ಕರೆದುಕೊಂಡು ಬಾ. ಅದನ್ನು ಓದಿದ ಮೇಲೇ ನಾನು ಡಾಕ್ಟರ ಹತ್ತಿರ ಹೋಗುವುದು.

ಇಂತಿ,
ನಿನ್ನ ಪುಕ್ಕಲು ಅಕ್ಕ