ಮಂಗಳವಾರದ ಒಪ್ಪತ್ತು

ಚನ್ನಗಿರಿ
ಸೋಮವಾರ, ೩-೩-೧೯೮೦

ಚಿ. ಸೌ. ರುದ್ರಾಣಿಗೆ ಅಣ್ಣನ ಆಶೀರ್ವಾದಗಳು.

ಹೇಗಿದ್ದೀಯಾ? ಹನ್ನೊಂದು ವರ್ಷದ ಕುಶಲವನ್ನು ಒಂದೇ ಪ್ರಶ್ನೆಯಲ್ಲಿ ಕೇಳಿದ ಹಾಗಾಯಿತು, ಏನು ಮಾಡಲಿ, ಬೇರೆ ರೀತಿ ಕೇಳಲು ನನಗೆ ಬರುವುದಿಲ್ಲ. ನನ್ನ ಮಂಡಿನೋವು ಹಾಗೆಯೇ ಇದೆ. ನಿನ್ನ ಅತ್ತಿಗೆ ಅನ್ನಪೂರ್ಣಾ ಗಟ್ಟಿಯಾಗಿದ್ದಾಳೆ, ಧ್ವನಿಯೂ ಗಟ್ಟಿ. ಜನವರಿಯಲ್ಲಿ ನೀನು ಬರೆದ ಕಾರ್ಡು ತಲುಪಿತ್ತು. 'ಅಣ್ಣಾ, ನೀವು ಲಂಕೆಗೆ ಹೊರಟಿರುವುದು ತಿಳಿಯಿತು. ನಮ್ಮ ಅತ್ತೆಗೆ ಅನುರಾಧಪುರದ ಬೋಧಿಮರದ ಎಲೆಯೊಂದು ಬೇಕಂತೆ. ಆದರೆ ತನ್ನಿ' ಎಂದು ಮೂರೇ ಸಾಲು. ನೀನು ಸ್ವಂತಕ್ಕೆ ಏನೂ ಕೇಳಿರಲಿಲ್ಲ. ಜಗಳೂರಿನ ನಿಮ್ಮ ಮನೆಯಲ್ಲಿ ಒಂದು ಲೋಟ ನೀರನ್ನೂ ಮುಟ್ಟದೆ ಎದ್ದು ಬಂದವನಿಗೆ ನೀನು ಹೀಗೆ ಕೇಳಿದ್ದು ನನಗೆ ಸೋಜಿಗವೆನಿಸಿತು. ನಿನ್ನ ಅತ್ತಿಗೆಗೆ ಓದಿ ಹೇಳಿದೆ. ಅವಳು ಕಾರ್ಡನ್ನು ಇಸಿದುಕೊಂಡು ದೇವರ ಗೂಡಿನಲ್ಲಿ ಇಟ್ಟಳು. ಎಲೆಯ ವಿಷಯ ಆಮೇಲೆ ಬರೆಯುತ್ತೇನೆ, ಮೊದಲು ಪ್ರವಾಸದ್ದು.

ನಾವು ಹೋದದ್ದು ಆರು ಜನ, ಎಲ್ಲರೂ ಅಡಿಕೆ ಮಂಡಿಯವರು. ಹೊನ್ನಾಳಿಯ ವಿರೂಪಾಕ್ಷಪ್ಪನವರು ಮುಂದಾಳು. ಮದರಾಸಿನ ವ್ಯಾಪಾರದಲ್ಲಿ ಕಲಿತ ಅರೆಬರೆ ತಮಿಳು ಅವರಿಗೆ ಬರುತ್ತದೆ ಎಂಬುದೇ ಅರ್ಹತೆ. ರಾಮೇಶ್ವರದವರೆಗೆ ರೈಲು, ಅಲ್ಲಿಂದ ತಲೈಮನ್ನಾರಿಗೆ ಹಡಗು. ಭದ್ರೆ ತುಂಗೆ ಬಿಟ್ಟರೆ ಬೇರೆ ನೀರು ಕಾಣದ ನಮಗೆ ಸಮುದ್ರ ಅಷ್ಟೇನೂ ಹಿಡಿಸಲಿಲ್ಲ. ವಿರೂಪಾಕ್ಷಪ್ಪನವರು ಮೂರು ಗಂಟೆ ಹೊತ್ತೂ ನಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿ ಕೂತಿದ್ದರು. ಲಂಕೆಯ ನೆಲಕ್ಕೆ ಕಾಲಿಟ್ಟ ಮೇಲೆ ಮಾತ್ರ ಅವರಿಗೆ ಮಾತು ಬಂತು. ರೈಲು ನಿಲ್ದಾಣದ ಎದುರು ಎಲೆ ಅಡಿಕೆ ಮಾರುವ ಮುದುಕನೊಬ್ಬನ ಬುಟ್ಟಿಯಿಂದ ಒಂದು ಅಡಿಕೆ ತೆಗೆದು, ಹಲ್ಲಲ್ಲಿ ಕಚ್ಚಿ ನೋಡಿ, ನಮ್ಮಲ್ಲಾದರೆ ಇದನ್ನು ಕಡೇ ದರ್ಜೆಯ ಗೊರಬಲಿಗೂ ಸೇರಿಸುವುದಿಲ್ಲ ಎಂದು ಅವನಿಗೇ ಕನ್ನಡದಲ್ಲಿ ಹೇಳಿದರು. ಅವನು ಹೊಗಳಿಕೆಯೆಂದು ತಿಳಿದು ಇನ್ನೆರಡು ಕೊಟ್ಟ.

ಅನುರಾಧಪುರದಲ್ಲಿ ನಾಲ್ಕು ದಿನ ಇದ್ದೆವು. ಎರಡು ಸಾವಿರ ವರ್ಷದ ಹಿಂದೆ ರಾಜಧಾನಿಯಾಗಿತ್ತಂತೆ. ಈಗ ಎಲ್ಲಿ ನೋಡಿದರೂ ಕಲ್ಲಿನ ಕಂಬಗಳು, ಮೇಲೆ ಚಾವಣಿಯಿಲ್ಲ. ಸುಣ್ಣ ಬಳಿದ ಬೆಳ್ಳನೆಯ ಸ್ತೂಪವೊಂದಿದೆ, ಎಷ್ಟು ದೊಡ್ಡದೆಂದರೆ ಒಂದು ಸುತ್ತು ಬರುವಷ್ಟರಲ್ಲಿ ನನ್ನ ಮಂಡಿ ಎರಡು ಸಲ ಕೂರಿಸಿತು. ಅದರ ಬುಡದ ಗೋಡೆಗೆ ಸಾಲಾಗಿ ಗಾರೆಯ ಆನೆಗಳನ್ನು ಕಟ್ಟಿದ್ದಾರೆ. ಹಳೆಯ ಕಟ್ಟಡಗಳ ಹೊಸ್ತಿಲ ಮುಂದೆ ಅರ್ಧಚಂದ್ರದ ಆಕಾರದ ಕಲ್ಲು ಹಾಸಿರುತ್ತಾರೆ. ಅದರ ಮೇಲೆ ಆನೆ, ಕುದುರೆ, ಸಿಂಹ, ಎತ್ತು ಒಂದರ ಹಿಂದೆ ಒಂದು ನಡೆಯುತ್ತಿರುವಂತೆ ಕೆತ್ತನೆ. ಒಳಗೆ ಹೋಗುವವರು ತುಳಿದೇ ಹೋಗಬೇಕಾದ ಕಲ್ಲಿಗೆ ಅಷ್ಟು ಕೆಲಸ ಯಾಕೆ ಮಾಡಿದರೋ. ಜೋಡಿ ಕೊಳ ನೋಡಿದಾಗ ನನಗೆ ಸಂತೆಬೆನ್ನೂರಿನ ಹೊಂಡ ನೆನಪಾಯಿತು, ನಮ್ಮದಕ್ಕೆ ಮಂಟಪವೂ ಇದೆ. ರಾಜರು ಕಟ್ಟಿಸಿದ ದೊಡ್ಡ ಕೆರೆಯ ಏರಿ ಮೇಲೆ ನಿಂತು ವಿರೂಪಾಕ್ಷಪ್ಪನವರು, 'ಇಷ್ಟೇನಾ? ನಮ್ಮ ಸೂಳೆಕೆರೆ ನೋಡಿದೋರಿಗೆ ಇದೇನ್ ಮಹಾ ಐತೆ?' ಎಂದರು. ಲಂಕೆಗೆ ಹೋಗಿ ಚನ್ನಗಿರಿ ತಾಲ್ಲೂಕನ್ನು ನೋಡಿ ಬಂದವರು ನಾವೇ ಇರಬೇಕು.

ಇಳಿದುಕೊಂಡದ್ದು ಮೆಣಿಕೆ ಎಂಬ ಮುದುಕಿಯ ಮನೆಯಲ್ಲಿ. ಯಾತ್ರಿಕರಿಗೆ ಎರಡು ಕೋಣೆ ಬಾಡಿಗೆಗೆ ಕೊಟ್ಟು ಊಟವನ್ನೂ ಹಾಕುತ್ತಾಳೆ. ನಾವು ಮಾಂಸ ತಿನ್ನುವವರಲ್ಲ ಎಂದು ವಿರೂಪಾಕ್ಷಪ್ಪನವರು ಮೊದಲೇ ತಮ್ಮ ತಮಿಳಿನಲ್ಲಿ ಹೇಳಿದ್ದರು, ಆಕೆ ತಲೆಯಾಡಿಸಿದ್ದಳು. ನಾನು ಬೆಳಿಗ್ಗೆ ಲಿಂಗಪೂಜೆಗೆ ಕೂತರೆ ಸದ್ದಿಲ್ಲದೆ ಒಂದು ತಟ್ಟೆ ಹೂವು ತಂದಿಟ್ಟು ಹೋಗುತ್ತಿದ್ದಳು. ಆಮೇಲೆ ತಿಂಡಿ. ನಮ್ಮ ಒತ್ತು ಶಾವಿಗೆಯಂಥದೇ ಒಂದು, ಚಿಕ್ಕ ಚಿಕ್ಕ ಬಿಲ್ಲೆಯಾಗಿ ಒತ್ತಿ ಹಬೆಯಲ್ಲಿ ಬೇಯಿಸಿದ್ದು. ಇನ್ನೊಂದು ಬಟ್ಟಲಿನ ಹಾಗೆ ಅಂಚು ಗರಿಗರಿಯಾದ ಅಕ್ಕಿಯ ಆಪ್ಪ. ಅವೆರಡಕ್ಕೂ ನೆಂಚಿಕೊಳ್ಳಲು ಕೆಂಪಗಿನ ಕಾಯಿಚಟ್ನಿ, ಅವರು ಪೊಲ್ ಸಂಬೋಲ ಎನ್ನುತ್ತಾರೆ. ಕಾಯಿತುರಿ, ಒಣಮೆಣಸಿನಕಾಯಿ, ಸಣ್ಣ ಈರುಳ್ಳಿ, ನಿಂಬೆರಸ ಎಲ್ಲ ಹಾಕಿ ಒರಳಿನಲ್ಲಿ ಕುಟ್ಟಿದ್ದು. ನಾನು ಊಟದಲ್ಲಿ ಎರಡನೇ ಸಲ ಕೇಳುವವನಲ್ಲ, ನಿನಗೆ ಗೊತ್ತು. ಅಲ್ಲಿ ಮೂರು ಸಲ ಕೇಳಿದೆ. ಅದರಲ್ಲಿ ನಾಲಿಗೆಯನ್ನು ಹಿಡಿದುಕೊಳ್ಳುವ ಒಂದು ರುಚಿ ಇತ್ತು, ಏನೆಂದು ಗೊತ್ತಾಗಲಿಲ್ಲ. ವಿರೂಪಾಕ್ಷಪ್ಪನವರನ್ನು ಕೇಳಿದರೆ, 'ಏನ್ ಹಾಕ್ಯಾರೆ ಅಂತ ಕೇಳಾಕೆ ಹೋಗಬ್ಯಾಡ್ರಿ. ರುಚಿ ಐತೆ, ಸುಮ್ನೆ ಉಣ್ರಿ' ಎಂದರು. ಅವರ ಜನ್ಮದಲ್ಲಿ ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ.

ಈಗ ಎಲೆ. ಬೋಧಿಮರ ಎತ್ತರದ ಕಟ್ಟೆಯ ಮೇಲಿದೆ, ಸುತ್ತ ಕಟಕಟೆ. ಬುದ್ಧನಿಗೆ ಜ್ಞಾನವಾದ ಮರದ ಕೊಂಬೆಯನ್ನೇ ಅಶೋಕನ ಮಗಳು ತಂದು ನೆಟ್ಟದ್ದಂತೆ. ಎಲೆ ಕೀಳುವ ಹಾಗಿಲ್ಲ. ತಾನಾಗಿ ಉದುರಬೇಕು, ಅದೂ ಕಟಕಟೆಯ ಹೊರಗೆ ಉದುರಬೇಕು. ಎಲ್ಲರೂ ಬಸ್ಸು ಹತ್ತಿ ಮಿಹಿಂತಲೆಯ ಬೆಟ್ಟ ನೋಡಲು ಹೋದರು. ನಾನು ಮಂಡಿನೋವು ಎಂದು ಹೇಳಿ ಉಳಿದುಕೊಂಡೆ. ಬೆಳಿಗ್ಗೆ ಎಂಟಕ್ಕೆ ಹೋಗಿ ಕೂತವನು ಮಧ್ಯಾಹ್ನದವರೆಗೆ ಶಲ್ಯ ಹಾಸಿಕೊಂಡು ಕೂತೇ ಇದ್ದೆ. ಗಾಳಿ ಬಂದಾಗೆಲ್ಲ ಎಲೆ ಒಳಗಡೆಗೇ ಬೀಳುತ್ತಿತ್ತು. ನನ್ನ ಪಕ್ಕ ಬಿಳಿ ಸೀರೆಯ ಒಬ್ಬ ಹೆಂಗಸು ಕೂತಿದ್ದಳು, ನಾನು ಬರುವ ಮೊದಲೇ ಬಂದವಳು. ಕೊನೆಗೆ ಒಂದು ಎಲೆ ತೇಲಿಕೊಂಡು ಬಂದು ಅವಳ ಸೆರಗಿನ ಮೇಲೆ ಬಿತ್ತು. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು, ನನ್ನ ಮುಖ ನೋಡಿದಳು, ಎಲೆಯನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟಳು. ಕೊಟ್ಟು ಮತ್ತೆ ಕಾಯಲು ಕೂತಳು. ನಾನು ಯಾರು, ಯಾವ ಜನ, ಏನೂ ಕೇಳಲಿಲ್ಲ. ನನಗೆ ನಾಚಿಕೆಯಾಯಿತು. ಆ ಎಲೆಯನ್ನು ಪಾಸ್‌ಪೋರ್ಟಿನ ಹಾಳೆಗಳ ನಡುವೆ ಇಟ್ಟುಕೊಂಡು ಬಂದೆ.

ಅವತ್ತು ಸಂಜೆ, ಊರಲ್ಲಿ ಅನ್ನಪೂರ್ಣಾಗೆ ಹೇಳಿಕೊಡೋಣವೆಂದು, ಆ ಚಟ್ನಿ ಮಾಡುವುದನ್ನು ತೋರಿಸು ಎಂದು ಮೆಣಿಕೆಯನ್ನು ಸನ್ನೆಯಲ್ಲಿ ಕೇಳಿದೆ. ಅವಳಿಗೆ ಬಹಳ ಸಂತೋಷವಾಯಿತು. ಒಳಗೆ ಮಣೆ ಹಾಕಿ ಕೂರಿಸಿದಳು. ಡಬ್ಬಿಯಿಂದ ಕಗ್ಗಲಿ ಮರದ ಚಕ್ಕೆಯಂಥ ಕರಿಯ ತುಂಡೊಂದನ್ನು ತೆಗೆದು ಒರಳಿಗೆ ಹಾಕಿ ಕುಟ್ಟತೊಡಗಿದಳು. ಯಾವುದೋ ಬೇರು ಎಂದುಕೊಂಡು, ಏನಿದು ಎಂದು ಕೈಯಾಡಿಸಿದೆ. ಆಕೆ ಅಂಗೈ ಜೋಡಿಸಿ ನೀರಿನಲ್ಲಿ ಈಜುವ ಹಾಗೆ ಆಡಿಸಿ ತೋರಿಸಿದಳು. ಮೀನು, ರುದ್ರಾಣಿ. ಕಲ್ಲಿನಷ್ಟು ಗಟ್ಟಿಯಾಗುವ ತನಕ ಒಣಗಿಸಿದ ಮೀನು. ಆಕೆ ಮೋಸ ಮಾಡಿರಲಿಲ್ಲ. ಮಾಂಸ ಬೇಡವೆಂದಿದ್ದೆವು, ಮಾಂಸ ಹಾಕಿರಲಿಲ್ಲ. ಆ ಚಿಟಿಕೆ ಪುಡಿ ಆಕೆಗೆ ಉಪ್ಪು ಹುಳಿಯ ಸಾಲಿನದು. ಮಠದಲ್ಲಿ ವರ್ಷಕ್ಕೊಮ್ಮೆ ದಾಸೋಹದ ಮೇಲೆ ಭಾಷಣ ಮಾಡುವ ನಿನ್ನ ಅಣ್ಣ ಪಂಚಾಕ್ಷರಪ್ಪ ಮೂರು ದಿನ ಬೆರಳು ನೆಕ್ಕಿಕೊಂಡು ಮೀನು ತಿಂದಿದ್ದ. ಎದೆ ಒಡೆಯಲಿಲ್ಲ, ಆಕಾಶ ಬೀಳಲಿಲ್ಲ. ಹೊಟ್ಟೆಯೂ ಕೆಡಲಿಲ್ಲ.

ಮಾರನೆಯ ಬೆಳಿಗ್ಗೆ ಹೊರಡುವ ದಿನ. ತಟ್ಟೆ ಹಾಕಿದ್ದಳು. ನನಗೆ ಇವತ್ತು ಒಪ್ಪತ್ತು ಎಂದು ಹೇಳುವುದು ನಾಲಿಗೆಯ ತುದಿಗೆ ಬಂದಿತ್ತು. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹಾಗೆ ನಿಂತವರನ್ನು ನಾನು ಹಿಂದೆ ಒಮ್ಮೆ ನೋಡಿದ್ದೆ. ಸಂಬೋಲದ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಅದು ಬೇಡವೆಂದು ಕೈಮುಗಿದು ತೋರಿಸಿದೆ. ಆಕೆಗೆ ಅರ್ಥವಾಯಿತು, ಬಾಳೆಹಣ್ಣು ಬೆಲ್ಲ ತಂದಿಟ್ಟಳು. ಅದೇ ಒಲೆಯಲ್ಲಿ, ಅದೇ ಕೈಯಲ್ಲಿ ಮಾಡಿದ ಆಪ್ಪವನ್ನು ಹೊಟ್ಟೆ ತುಂಬ ತಿಂದು ಎದ್ದೆ. ಉಳಿದ ಐವರಿಗೆ ನಾನು ಏನೂ ಹೇಳಲಿಲ್ಲ. ವಿರೂಪಾಕ್ಷಪ್ಪನವರು ನನ್ನ ಪಾಲಿನದನ್ನೂ ತಿಂದರು, ಈಗಲೂ ಹೊನ್ನಾಳಿಯಲ್ಲಿ ಆ ಚಟ್ನಿಯ ಗುಣಗಾನ ನಡೆಸಿದ್ದಾರಂತೆ. ನಡೆಸಲಿ, ನೀನೂ ಬಾಯಿ ಬಿಡಬೇಡ.

ಬರುವಾಗ ರಾಮೇಶ್ವರದ ಇಪ್ಪತ್ತೆರಡು ತೀರ್ಥಗಳಲ್ಲೂ ಕೊಡ ಕೊಡ ನೀರು ಹೊಯ್ಯಿಸಿಕೊಂಡೆ. ಮೀನಿನ ಮಾತು ಅಲ್ಲಿಗೆ ತೊಳೆದು ಹೋಯಿತು ಎಂದಿಟ್ಟುಕೋ. ಆದರೆ ಇನ್ನೊಂದಿತ್ತು, ಅದು ಯಾವ ಬಾವಿಯ ನೀರಿಗೂ ಹೋಗುವಂಥದಲ್ಲ. ನ್ಯಾಮತಿಯ ನಮ್ಮ ಹಳೆಯ ಮನೆಯಲ್ಲಿ ನಿನ್ನ ಗಂಡ ತಿಪ್ಪೇಶಪ್ಪನವರ ಜನ ಜಗಲಿ ಹತ್ತುತ್ತಿರಲಿಲ್ಲ. ಅಂಥವರೊಬ್ಬರನ್ನು, ನೀನು ಕಲಿಸುವ ಶಾಲೆಯ ಮಾಸ್ತರನ್ನು, ನೀನು ಮದುವೆಯಾದೆ. ಅವರು ಬುದ್ಧನನ್ನು ನಂಬಿದವರು ಎಂದು ನೀನು ಹೇಳಿದೆ. ನನಗೆ ಅದೆಲ್ಲ ಕಿವಿಗೆ ಬೀಳಲಿಲ್ಲ. ಆದರೂ ನೀನು ಕರೆದೆಯೆಂದು ಒಂದು ಸಲ ಬಂದೆ. ನಿಮ್ಮ ಅತ್ತೆ ಹನುಮಂತಮ್ಮನವರು ಹೊಸ ಪಾತ್ರೆ ತರಿಸಿದ್ದರು. ನನಗೆ ಸಂಕೋಚವಾಗಬಾರದೆಂದು ನಮ್ಮ ಜನದ ಹೆಂಗಸೊಬ್ಬಳನ್ನೇ ಕರೆಸಿ ಅಡುಗೆ ಮಾಡಿಸಿದ್ದರು. ಎಲೆ ಹಾಕಿ ಆಗಿತ್ತು. ನಾನು ಜಗಲಿಯಿಂದ ಏಳದೆ, ಇವತ್ತು ನನಗೆ ಒಪ್ಪತ್ತು ಎಂದೆ. ಅವತ್ತು ಮಂಗಳವಾರ. ನನ್ನ ಒಪ್ಪತ್ತು ಸೋಮವಾರವೆಂದು ನಿನಗೆ ಚಿಕ್ಕಂದಿನಿಂದ ಗೊತ್ತು. ನೀನು ನೆಲ ನೋಡಿದೆ. ಆ ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, 'ಇರ್ಲಿ ಬಿಡ್ರಿ ಸಾವ್ಕಾರ್ರೆ. ಹಸಿವಾದಾಗ ಬರ್ರಿ. ಒಲೆ ಇಲ್ಲೇ ಇರ್ತೈತೆ' ಎಂದರು.

ಹನ್ನೊಂದು ವರ್ಷ ಕೇಳಿದವರಿಗೆಲ್ಲ, ಅವರ ಊಟ ನಮಗೆ ಆಗುವುದಿಲ್ಲ ಎಂದು ಹೇಳಿಕೊಂಡು ಬಂದೆ. ಊಟದ ಮಾತಲ್ಲ ಅದು. ಲಂಕೆಯ ಆ ಮನೆಯಲ್ಲಿ ಮೀನಿತ್ತು, ಕೂತು ಉಂಡೆ. ನಿಮ್ಮ ಮನೆಯಲ್ಲಿ ಮೀನಿರಲಿಲ್ಲ, ಎದ್ದು ಬಂದೆ. ಇದನ್ನು ಹಡಗಿನ ಮೇಲೆ ಕೂತು ಹಿಂದೆ ಮುಂದೆ ಮಾಡಿ ಎಷ್ಟು ಸಲ ನೋಡಿದರೂ ನನ್ನ ಪರವಾಗಿ ಹೇಳಲು ಏನೂ ಸಿಗಲಿಲ್ಲ. ನಿನಗೆ ಅನ್ಯಾಯ ಮಾಡಿದೆ, ಆ ತಾಯಿಗೆ ಅದಕ್ಕಿಂತ ಹೆಚ್ಚು. ವಾರಕ್ಕೊಮ್ಮೆ ದಾವಣಗೆರೆಗೆ ಹೋಗುತ್ತೇನೆ. ಜಗಳೂರಿನ ಬಸ್ಸು ಚನ್ನಗಿರಿಯ ಬಸ್ಸಿನ ಪಕ್ಕದಲ್ಲೇ ನಿಂತಿರುತ್ತದೆ. ಬೋರ್ಡು ಓದಿ ಈ ಕಡೆಯದನ್ನು ಹತ್ತುತ್ತಿದ್ದೆ.

ಮೊನ್ನೆ ಅನ್ನಪೂರ್ಣಾ ನಾನು ಹೇಳಿದ ಪ್ರಕಾರ ಆ ಚಟ್ನಿ ಮಾಡಿದಳು, ಮೀನು ಬಿಟ್ಟು. ಬಾಯಿಗಿಟ್ಟುಕೊಂಡು ಚಪ್ಪರಿಸಿ, 'ಏನೋ ಕಡಿಮೆ ಐತೆ ಕಣ್ರೀ' ಎಂದಳು. ಆಗ ಅವಳಿಗೆ ಎಲ್ಲ ಹೇಳಿದೆ, ಮೀನಿನದೂ, ಮಂಗಳವಾರದ್ದೂ. ಮೀನಿಗೆ ನಕ್ಕಳು. ಎರಡನೆಯದಕ್ಕೆ ನಗಲಿಲ್ಲ. 'ಹನ್ನೊಂದು ವರ್ಸ ನನಗೂ ಸುಳ್ಳೇ ಹೇಳಿದ್ರಾ?' ಎಂದು ಕೇಳಿ ಒಳಗೆ ಹೋದಳು. ಅವತ್ತು ಸಂಜೆ ಹೊರಗೆ ಬಂದವಳು ಈ ಕಾಗದ ಪೆನ್ನು ತಂದು ನನ್ನ ಮುಂದೆ ಇಟ್ಟಳು. ಬರೆಯಲು ಮೂರು ದಿನ ಹಿಡಿಯಿತು. ಮೊದಲನೆಯ ದಿನ ಸ್ತೂಪ, ಎರಡನೆಯ ದಿನ ಕೆರೆ.

ತಿಪ್ಪೇಶಪ್ಪ ಮಾಸ್ತರರಿಗೆ ನನ್ನ ನಮಸ್ಕಾರ ತಿಳಿಸು. ಅವರ ಹೆಸರನ್ನು ನಾನು ಬರೆಯುತ್ತಿರುವುದು ಈ ಕಾಗದದಲ್ಲೇ ಮೊದಲು, ಅಕ್ಷರ ನೆಟ್ಟಗೆ ಬಂದಿದೆಯೋ ನೋಡು. ಹನುಮಂತಮ್ಮನವರಿಗೆ ನನ್ನ ಶರಣು. ಹೊಟ್ಟೆ ಬಟ್ಟೆಗೆ ಕೊರತೆಯಿಲ್ಲದೆ, ಬೈಯುವುದಿದ್ದರೆ ಅಣ್ಣನನ್ನು ಎದುರಿಗೇ ಬೈಯುವಷ್ಟು ಆಯುಸ್ಸು ಆರೋಗ್ಯ ನಿನಗಿರಲಿ.

ನಿನ್ನ ಅಣ್ಣ,
ಪಂಚಾಕ್ಷರಪ್ಪ

ತಾಜಾ ಕಲಂ: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತಿದ್ದೇನೆ. ಲಕೋಟೆ ಜಾಡಿಸಿ ಎಲೆ ಹುಡುಕಬೇಡ, ಅದು ಇದರಲ್ಲಿ ಇಲ್ಲ. ಮುಂದಿನ ವಾರ, ಹನ್ನೊಂದನೇ ತಾರೀಖು, ದಾವಣಗೆರೆಯಿಂದ ಹತ್ತೂವರೆಯ ಜಗಳೂರು ಬಸ್ಸಿಗೆ ನಾನೂ ಅನ್ನಪೂರ್ಣಾನೂ ಎಲೆ ತಗೊಂಡು ಬರುತ್ತೇವೆ. ಅವತ್ತು ಮಂಗಳವಾರ, ನೋಡಿಯೇ ಇಟ್ಟುಕೊಂಡದ್ದು. ಹೊಸ ಪಾತ್ರೆ ಬೇಡ, ಅಡುಗೆಗೆ ಯಾರನ್ನೂ ಕರೆಸುವುದು ಬೇಡ, ದಿನಾ ಮಾಡುವ ಕೈಯೇ ಮಾಡಲಿ. ಹನುಮಂತಮ್ಮನವರಿಗೆ ಇಷ್ಟು ಹೇಳು: ಪಂಚಾಕ್ಷರಪ್ಪನಿಗೆ ಹಸಿವಾಗಿದೆಯಂತೆ.